ಮೂರು ಸಲ ತೊಳೆದ ದುಂಬಿಗಳು

ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು ಲಾಂಡ್ರಿ ಎನ್ನುತ್ತಿದ್ದರು. ಬೆನ್ನ ಹಿಂದೆ ಎಂದು ಅವರು ಅಂದುಕೊಂಡಿದ್ದರು, ಅಷ್ಟೆ. ಕಾಡಿನ ಸಂಶೋಧನಾ ಕೇಂದ್ರದ ಕೀಟ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತವಳಿಗೆ ಕಣ್ಣು ಹೋಗಬಹುದು, ಸೊಂಟ ಹೋಗಬಹುದು, ಕಿವಿ ಮಾತ್ರ ಚುರುಕಾಗುತ್ತಾ ಬರುತ್ತದೆ. ಅಲ್ಲಿ ಸದ್ದೇ ಇರುವುದಿಲ್ಲವಲ್ಲ, ಇರುವವೆಲ್ಲ ಸತ್ತ ಹುಳಗಳು.

ಹೆಸರು ತಪ್ಪೇನಲ್ಲ. ತೊಳೆಯುವುದೇ ನನ್ನ ಕೆಲಸವಾಗಿತ್ತು. ಕಾಡಿನಿಂದ ಡಬ್ಬಿ, ಸೀಸೆ, ಪೊಟ್ಟಣಗಳಲ್ಲಿ ಬಂದ ಹುಳಗಳನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಮಾರನೆಯ ದಿನ ಬಿಸಿನೀರಿನಲ್ಲಿ ಜಾಲಿಸಿ, ಮೂರೇ ಕೂದಲಿನ ಕುಂಚದಿಂದ ಕಾಲಸಂದಿಯ ಮಣ್ಣು ತೆಗೆದು, ಮತ್ತೆ ಸ್ಪಿರಿಟ್ಟು ತೋರಿಸಿ ಒಣಗಿಸಬೇಕು. ಆಮೇಲೆ ಮೀಸೆ ಕಾಲುಗಳನ್ನು ಹರಡಿ ಸೂಜಿಗೆ ಚುಚ್ಚಬೇಕು. ತೀರ ಸಣ್ಣವಾದರೆ ಕಾಗದದ ಚೂಪು ತುಂಡಿಗೆ ಒಂದು ಹನಿ ಅಂಟು ಹಾಕಿ ಕೂರಿಸಬೇಕು. ಕೆಳಗೆ ಚೀಟಿ. ಬೇರೆ ಕೇಂದ್ರಗಳ ಪೆಟ್ಟಿಗೆಗಳನ್ನು ನಾನು ನೋಡಿದ್ದೇನೆ. ಅಲ್ಲಿ ಯಾವುದು ಹುಳ, ಯಾವುದು ಧೂಳು ಎಂದು ಹೇಳಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ನಮ್ಮ ಪೆಟ್ಟಿಗೆಯ ಹುಳಗಳು ಮದುವೆಗೆ ಹೊರಟು ನಿಂತಂತೆ ಇರುತ್ತಿದ್ದವು.

ಜಂಬ ಕೊಚ್ಚಿಕೊಳ್ಳಲು ಇದನ್ನು ಹೇಳುತ್ತಿಲ್ಲ. ನನ್ನ ತಮ್ಮನಿಗೆ ನಾನು ಮಾಡಿದ ಅನ್ಯಾಯ ಅಸಡ್ಡೆಯಿಂದ ಆದದ್ದಲ್ಲ ಎನ್ನುವುದು ಮೊದಲೇ ಗೊತ್ತಿರಲಿ ಎಂದು ಹೇಳಿದೆ. ಅಸಡ್ಡೆಯಿಂದ ಆಗಿದ್ದರೆ ಒಂದು ಸಲ ಅತ್ತು ಸುಮ್ಮನಾಗಿಬಿಡುತ್ತಿದ್ದೆನೋ ಏನೋ. ಆದರೆ ಜೀವಮಾನದಲ್ಲಿ ಯಾವ ಕೆಲಸವನ್ನೂ ಅಷ್ಟು ಅಚ್ಚುಕಟ್ಟಾಗಿ ಮಾಡಿರಲಿಲ್ಲ.

ತಮ್ಮ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅಮ್ಮ ತೀರಿಕೊಂಡಾಗ ಅವನಿಗೆ ಐದು. ಅಪ್ಪ ಇದ್ದರು, ಇದ್ದೂ ಇಲ್ಲದ ಹಾಗೆ. ಅವನ ತಲೆ ಬಾಚಿದ್ದು, ಉಗುರು ಕತ್ತರಿಸಿದ್ದು, ಕುತ್ತಿಗೆಯ ಕೊಳೆಯನ್ನು ಕೆಂಪಗಾಗುವವರೆಗೆ ಉಜ್ಜಿದ್ದು ಎಲ್ಲ ನಾನೇ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಲು ನನಗೆ ಬರಲಿಲ್ಲ. ಅವನಿಗೆ ನಲವತ್ತಾದ ಮೇಲೂ ಬಾಗಿಲಲ್ಲೇ ತಡೆದು ಕಾಲು ತೊಳೆದುಕೊಂಡು ಬಾ ಅನ್ನುತ್ತಿದ್ದೆ. ಅವನ ಹೆಂಡತಿ ಎದುರಿಗಿದ್ದರೂ ಅನ್ನುತ್ತಿದ್ದೆ. ಅವನು ನಕ್ಕು ತೊಳೆದುಕೊಂಡು ಬರುತ್ತಿದ್ದ. ನನ್ನ ಮಾತಿಗೆ ಎದುರಾಡಿದ ಹುಡುಗನೇ ಅಲ್ಲ ಅವನು.

ಅವನು ಕಾಡಿನ ವಾಚರ್. ನಮ್ಮ ಊರಿನಿಂದ ಬಸ್ಸಿನಲ್ಲಿ ಮೂರು ಗಂಟೆ ಹೋದರೆ ಒಂದು ಗುಡ್ಡ, ಅದರ ಒಂದು ಪಕ್ಕೆ ಪೂರ್ತಿ ಅವನ ಪಾಲಿಗೆ. ಎಲೆ ತಿಕ್ಕಿದರೆ ಮೂಗಿಗೆ ಘಂ ಎಂದು ಹತ್ತುವ ಜಾತಿಯ ಹಳೆಯ ಮರಗಳು. ಹದಿನಾರು ವರ್ಷ ದಿನಾ ಅವುಗಳ ನಡುವೆ ನಡೆದು ಒಂದೊಂದರ ಚಾಳಿಯನ್ನೂ ತಿಳಿದಿದ್ದ. ಇದು ತಡವಾಗಿ ಚಿಗುರುವ ಸೋಮಾರಿ, ಅದು ಪಕ್ಕದ ಮರದ ಬಿಸಿಲು ಕದಿಯುವ ಕಳ್ಳ ಎಂದು ನೆಂಟರ ಚಾಡಿ ಹೇಳುವಂತೆ ಹೇಳುತ್ತಿದ್ದ. ನಾನು ಕೆಲಸ ಮಾಡುತ್ತಲೇ ಹೂಂಗುಟ್ಟುತ್ತಿದ್ದೆ, ಪೂರ್ತಿ ಕೇಳಿಸಿಕೊಳ್ಳುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಬೆಳಗ್ಗೆ ಅವನು ಒಂದು ತಗಡಿನ ಡಬ್ಬಿ ಹಿಡಿದು ಬಂದ. ಊಟದ ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದ. ಒಳಗೆ ತೊಗಟೆಯ ಚೂರು, ಒದ್ದೆ ಮರದ ಪುಡಿ, ಅದರ ಮಧ್ಯೆ ಸಾಸಿವೆಗಿಂತ ಕೊಂಚ ಉದ್ದದ ಕಂದು ದುಂಬಿಗಳು. ಎರಡು ಹೊರಗೆ ಬಂದು ನನ್ನ ಮೇಜುಬಟ್ಟೆಯ ಮೇಲೆ ನಡೆಯತೊಡಗಿದವು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಾಯಿಗೆ ಬಂದಂತೆ ಬೈದೆ. ಅವನು ಬೈಗುಳವನ್ನೆಲ್ಲ ಮುಗಿಯಲು ಬಿಟ್ಟು ಆಮೇಲೆ ಹೇಳಿದ.

ಗುಡ್ಡದ ಮೂಲೆಯ ಒಂದು ಮರ ಹದಿನೈದು ದಿನದಲ್ಲಿ ಒಣಗಿಹೋಗಿದೆ. ಎಲೆ ಕಂದಿದೆ, ಆದರೆ ಉದುರಿಲ್ಲ. ಕಾಂಡದ ಮೇಲೆ ಗುಂಡುಸೂಜಿ ಚುಚ್ಚಿದಷ್ಟು ಸಣ್ಣ ತೂತುಗಳು. ಪ್ರತಿ ತೂತಿನಿಂದಲೂ ಮರದ ಪುಡಿ ಹಲ್ಲುಕಡ್ಡಿಯ ಹಾಗೆ ನೆಟ್ಟಗೆ ಹೊರಗೆ ಚಾಚಿಕೊಂಡಿದೆ. ಕೆತ್ತಿ ನೋಡಿದರೆ ಒಳಗಿನ ಬಿಳಿ ಮರದಲ್ಲಿ ಕಪ್ಪು ಗೆರೆಗಳು. ಈಗ ಪಕ್ಕದ ಮರಗಳಲ್ಲೂ ಪುಡಿ ಬೀಳಲು ಶುರುವಾಗಿದೆ.

ನಾನು ಅವನಿಗೆ ಪಾಠ ಹೇಳಿದೆ. ಸೊರಗಿದ ಮರ ಒಳಗೊಳಗೇ ಹುಳಿಯಲು ಶುರುವಾದಾಗ ಸ್ಪಿರಿಟ್ಟಿನಂಥ ಒಂದು ವಾಸನೆ ಬಿಡುತ್ತದೆ, ಆ ವಾಸನೆಗೆ ಈ ದುಂಬಿಗಳು ಬರುತ್ತವೆ. ಸಾಯುವ ಮರಕ್ಕೆ ಬರುತ್ತವೆಯೇ ಹೊರತು ಬಂದು ಸಾಯಿಸುವುದಿಲ್ಲ. ನಮ್ಮಲ್ಲಿ ಇದು ನೆನ್ನೆ ಸೇರಿದವರಿಗೂ ಗೊತ್ತು.

"ಆ ಮರಕ್ಕೆ ಏನೂ ಆಗಿರಲಿಲ್ಲ ಅಕ್ಕಾ. ಗಟ್ಟಿಮುಟ್ಟಾಗಿತ್ತು. ನಾನು ದಿನಾ ನೋಡೋನಲ್ವಾ" ಎಂದ.

"ಸುಮ್ನೆ ತಲೆಗೆ ಹುಳ ಬಿಟ್ಕೋಬೇಡ" ಎಂದೆ.

ತಲೆಗಾದರೂ ಬಿಟ್ಟುಕೊಳ್ಳುತ್ತೇನೆ, ಮರಕ್ಕೆ ಬಿಡಲ್ಲ ಎಂದು ಅವನು ನಕ್ಕ. ಅವನು ಹೋದ ಮೇಲೆ ಆ ಡಬ್ಬಿಯನ್ನು ಕಸದ ಬುಟ್ಟಿಗೆ ಸುರಿದು, ಡಬ್ಬಿ ತೊಳೆದು ಬೋರಲು ಹಾಕಿದೆ.

ಅವನು ಮೇಲಿನವರಿಗೂ ಹೇಳಿದನಂತೆ. ಅರ್ಜಿ ಬರೆದುಕೊಡು, ನೋಡೋಣ ಎಂದರಂತೆ. ಬರೆದುಕೊಟ್ಟ, ಕಾದ. ಮೂರು ಮರ ಇದ್ದದ್ದು ಏಳಾಯಿತು, ಏಳು ಹನ್ನೊಂದಾಯಿತು. ಒಂದು ದಿನ ಅವನೇ ಗರಗಸ ತೆಗೆದುಕೊಂಡು ಹೋಗಿ ಹನ್ನೊಂದನ್ನೂ ಉರುಳಿಸಿ, ತುಂಡು ಮಾಡಿ, ನಿಂತ ಜಾಗದಲ್ಲೇ ಸುಟ್ಟುಹಾಕಿದ. ಎಂಟು ಮರಗಳ ತುದಿಯಲ್ಲಿ ಇನ್ನೂ ಹಸಿರೆಲೆ ಇತ್ತು. ಕಾಡು ಕಾಯಬೇಕಾದವನೇ ಅಪ್ಪಣೆ ಇಲ್ಲದೆ ಹಸಿ ಮರ ಕಡಿದರೆ ಅದಕ್ಕಿಂತ ದೊಡ್ಡ ಅಪರಾಧ ಅವರ ಇಲಾಖೆಯಲ್ಲಿ ಇಲ್ಲ. ಅವತ್ತೇ ಅವನನ್ನು ಕೆಲಸದಿಂದ ದೂರ ನಿಲ್ಲಿಸಿದರು. ವಿಚಾರಣೆ ಶುರುವಾಯಿತು.

ವಿಚಾರಣೆಯ ಅಧಿಕಾರಿ ಒಳ್ಳೆಯವರೇ. ಅವರು ಕೇಳಿದ್ದು ಒಂದೇ ಪ್ರಶ್ನೆ: ಈ ದುಂಬಿಗಳು ಮರ ಕೊಲ್ಲುವ ರೋಗವನ್ನು ಹೊತ್ತು ತರುತ್ತವೆಯೋ ಇಲ್ಲವೋ? ತರುತ್ತವೆ ಎಂದಾದರೆ ಅವನು ಕಾಡು ಉಳಿಸಿದವನು, ಇಲ್ಲ ಎಂದಾದರೆ ಕಾಡು ಕಡಿದವನು. ಮರಗಳು ಬೂದಿಯಾಗಿದ್ದವು. ಸುತ್ತಲಿನವು ಆಗ ಹಸಿರಾಗೇ ಇದ್ದವು. ಉಳಿದ ಸಾಕ್ಷಿ ಎಂದರೆ ಬೆಂಕಿ ಹಾಕುವ ಮೊದಲು ಅವನು ಎತ್ತಿಟ್ಟುಕೊಂಡಿದ್ದ ಇನ್ನೊಂದು ಡಬ್ಬಿ ದುಂಬಿಗಳು. ಅದಕ್ಕೆ ಮೊಹರು ಹಾಕಿ ನಮ್ಮ ಕೇಂದ್ರಕ್ಕೆ ಕಳಿಸಿದರು. ಮೊದಲು ನಾವು ಯಾವ ದುಂಬಿ ಎಂದು ಗುರುತಿಸಬೇಕು. ಆಮೇಲೆ ಕಾರಿಡಾರಿನ ಆ ಕಡೆಯ ಶಿಲೀಂಧ್ರ ವಿಭಾಗದವರು ರೋಗದ ಬೂಷ್ಟು ಇದೆಯೇ ಎಂದು ನೋಡಬೇಕು.

ನಮ್ಮ ಸಾಹೇಬರು ನನ್ನನ್ನು ಕರೆದು, ನಿಮ್ಮ ತಮ್ಮನ ವಿಷಯವಲ್ಲವೇ, ಬೇರೆಯವರಿಗೆ ಕೊಡಲೇ ಎಂದು ಕೇಳಿದರು. ಬೇರೆಯವರು ನನ್ನ ಹಾಗೆ ಮಾಡುತ್ತಾರೆಯೇ ಎಂದು ನಾನೇ ಕೇಳಿದೆ. ಅವರು ಡಬ್ಬಿಯನ್ನು ನನ್ನ ಕಡೆಗೆ ಸರಿಸಿದರು.

ಡಬ್ಬಿ ಬಿಚ್ಚಿದಾಗ ನನಗೆ ನಾಚಿಕೆಯಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ, ನನಗೆ ನಾಚಿಕೆಯೇ ಆಯಿತು. ದುಂಬಿಗಳ ಮೇಲೆ ಲೋಳೆ, ಕಪ್ಪು ಪುಡಿ, ಹುಳಿ ವಾಸನೆ. ಇದನ್ನು ಹೀಗೇ ಆ ಕಡೆ ಕಳಿಸಿದರೆ ಇವಳ ತಮ್ಮನ ಕೆಲಸವೇ ಇಷ್ಟು ಎನ್ನುವುದಿಲ್ಲವೇ? ಸ್ಪಿರಿಟ್ಟಿನಲ್ಲಿ ಒಂದು ದಿನ ನೆನೆಹಾಕಿದೆ. ಬಿಸಿನೀರಿನಲ್ಲಿ ಜಾಲಿಸಿದೆ. ಕತ್ತು, ಬಾಯಿ, ರೆಕ್ಕೆಯ ಗೆರೆ ಎಲ್ಲ ಕುಂಚದಿಂದ ಬಿಡಿಸಿದೆ. ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಅವನಿಗಾಗಿ ಎಂದು ಅದನ್ನೆಲ್ಲ ಮತ್ತೆರಡು ಸಲ ಮಾಡಿದೆ. ಮೂರನೆಯ ಸಲ ತೊಳೆದ ನೀರು ಕುಡಿಯುವ ನೀರಿನಷ್ಟು ತಿಳಿಯಾಗಿತ್ತು. ಸಾಸಿವೆಯಂಥ ಆ ದುಂಬಿಗಳು ಗಾಜಿನ ತಟ್ಟೆಯಲ್ಲಿ ಮಿರಮಿರ ಮಿಂಚಿದವು. ಅವನ್ನು ನೋಡಿ, ಇನ್ನು ನಿನ್ನದು ಗೆದ್ದ ಹಾಗೇ ಎಂದು ಮನಸ್ಸಿನಲ್ಲೇ ತಮ್ಮನಿಗೆ ಹೇಳಿದೆ.

ಜೊತೆಗೆ ಹೋಗುವ ಚೀಟಿಯಲ್ಲಿ ಎಲ್ಲಿಂದ ಬಂತು, ಯಾವಾಗ ಬಂತು ಎಂಬ ಸಾಲುಗಳ ಕೆಳಗೆ 'ಸ್ವಚ್ಛ' ಎಂದು ಒಂದು ಚೌಕವಿದೆ. ಅದರಲ್ಲಿ ಗುರುತು ಹಾಕಿದೆ. ನಮ್ಮ ವಿಭಾಗದಲ್ಲಿ ಸ್ವಚ್ಛ ಎಂದರೆ ತೊಳೆದದ್ದು. ಕಾರಿಡಾರಿನ ಆ ಕಡೆ ಅದೇ ಮಾತಿಗೆ ಬೇರೆ ಅರ್ಥವಿತ್ತು. ಅಲ್ಲಿ ಸ್ವಚ್ಛ ಎಂದರೆ ಯಾರ ಕೈಯೂ ಸೋಕದ್ದು, ಕಾಡಿನಲ್ಲಿ ಇದ್ದ ಹಾಗೇ ಬಂದದ್ದು. ಮೂವತ್ತು ವರ್ಷದಲ್ಲಿ ಇದು ಯಾರಿಗೂ ತಿಳಿಯದೆ ಇದ್ದದ್ದು ಹೇಗೆ ಎಂದರೆ, ಅವರಿಗೆ ಬರುತ್ತಿದ್ದದ್ದು ಎಲೆ, ಬೇರು, ಮರದ ಚೂರು. ನಮ್ಮ ಹುಳಗಳು ಆ ಬಾಗಿಲು ದಾಟಿದ್ದೇ ಇಲ್ಲ ಎನ್ನಬೇಕು. ಹದಿನೆಂಟು ಹೆಜ್ಜೆಯ ಕಾರಿಡಾರು ಅದು.

ಶಿಲೀಂಧ್ರ ವಿಭಾಗದ ಮುಖ್ಯಸ್ಥೆಯನ್ನು ನಾವು ಬೂಷ್ಟು ಡಾಕ್ಟರು ಎನ್ನುತ್ತಿದ್ದೆವು. ನನಗಿಂತ ಚಿಕ್ಕವರು, ಮಾತು ಕಡಿಮೆ. ಅವರು ಆ ದುಂಬಿಗಳನ್ನು ಅರೆದು, ಬೂಷ್ಟು ಬೆಳೆಸುವ ತಟ್ಟೆಗಳಲ್ಲಿ ಹಚ್ಚಿ ಮೂರು ವಾರ ಕಾದರು. ಒಂದು ತಟ್ಟೆಯಲ್ಲೂ ಒಂದು ಎಳೆ ಏಳಲಿಲ್ಲ. ಸಾಮಾನ್ಯ ಕೊರೆಯುವ ದುಂಬಿ, ಯಾವ ಶಿಲೀಂಧ್ರವೂ ಕಂಡುಬಂದಿಲ್ಲ ಎಂದು ವರದಿ ಹೋಯಿತು. ಅಷ್ಟು ಖಾಲಿ ತಟ್ಟೆಗಳನ್ನು ನೋಡಿ ಅವರಿಗೆ ಅನುಮಾನ ಬರಬೇಕಿತ್ತು ಎಂದು ಎಷ್ಟೋ ದಿನ ಅವರ ಮೇಲೆ ಹೊಟ್ಟೆ ಉರಿದುಕೊಂಡಿದ್ದೇನೆ. ಉರಿದುಕೊಂಡರೆ ನನ್ನ ಪಾಲು ಕಡಿಮೆಯಾಗುವುದಿಲ್ಲ.

ವರದಿಯ ಪ್ರತಿ ಹಿಡಿದು, ಹೆಂಡತಿಯನ್ನೂ ಕರೆದುಕೊಂಡು ತಮ್ಮ ನನ್ನ ಮನೆಗೆ ಬಂದ. ಅವನಾಗಿಯೇ ಕಾಲು ತೊಳೆದುಕೊಂಡು ಒಳಗೆ ಬಂದು ಕೂತ. ನೀನೇ ನೋಡಿದೆಯಾ ಎಂದು ಕೇಳಿದ. ನಾನೇ ನನ್ನ ಕೈಯಾರೆ ಮಾಡಿದ್ದು ಎಂದೆ. ಅವನು ಬಹಳ ಹೊತ್ತು ಆ ಕಾಗದವನ್ನು ನೋಡುತ್ತಿದ್ದು ಮಡಚಿ ಇಟ್ಟುಕೊಂಡ. ಆಗಲಾದರೂ ನಾನು ಸುಮ್ಮನಿರಬಹುದಿತ್ತು. ನಾಲಿಗೆ ಕೇಳಬೇಕಲ್ಲ. ನಾನು ಅವತ್ತೇ ಹೇಳಿರಲಿಲ್ಲವಾ ಎಂದುಬಿಟ್ಟೆ. ಅವನ ಹೆಂಡತಿ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದಳು.

ಕೆಲಸ ಹೋಯಿತು. ವಾಚರನಿಗೆ ಕೊಟ್ಟ ಎರಡು ಕೋಣೆಯ ಮನೆ ಹೋಯಿತು. ಅವರಿಬ್ಬರೂ ಗುಡ್ಡದ ಕೆಳಗಿನ ಪಟ್ಟಣಕ್ಕೆ ಇಳಿದರು. ಅವನು ಮೇಜು ಕುರ್ಚಿ ಮಾಡುವ ಒಂದು ಕಾರ್ಖಾನೆಯಲ್ಲಿ ಹಲಗೆ ಉಜ್ಜುವ ಕೆಲಸಕ್ಕೆ ಸೇರಿದ. ಹಸಿ ಮರ ಕಡಿದು ಸಿಕ್ಕಿಬಿದ್ದವನು ಎನ್ನುವ ಮಾತು ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಎರಡು ವರ್ಷದಲ್ಲಿ ಗುಡ್ಡದ ಆ ಪಕ್ಕೆ ಪೂರ್ತಿ ಕಂದುಬಣ್ಣಕ್ಕೆ ತಿರುಗಿ ಒಣಗಿತು. ಬಿಸಿಲು ಹೆಚ್ಚಾಯಿತು ಎಂದರು, ಮಳೆ ಕೈಕೊಟ್ಟಿತು ಎಂದರು. ನಾನೂ ಹಾಗೇ ಅಂದೆ. ಬಸ್ಸಿನಲ್ಲಿ ಆ ಕಡೆ ಹೋಗುವಾಗ ಕಿಟಕಿಯ ಇನ್ನೊಂದು ಪಕ್ಕ ಕೂರುತ್ತಿದ್ದೆ.

ಕಳೆದ ವರ್ಷ ನನಗೆ ಜ್ವರ ಬಂದು ನಾಲ್ಕು ದಿನ ಮಲಗಿದೆ. ಬೇರೆ ಒಂದು ಕಾಡಿನಿಂದ ಬಂದ ಅದೇ ಜಾತಿಯ ದುಂಬಿಗಳು ನನ್ನ ಮೇಜಿನ ಮೇಲೆ ಒದ್ದೆ ಕಾಗದ ಹಾಸಿದ ತಟ್ಟೆಯಲ್ಲಿ ತೊಳೆಯದೆ ಉಳಿದಿದ್ದವು. ಸೋಮವಾರ ಬಂದು ನೋಡಿದರೆ ಎಲ್ಲಕ್ಕೂ ಕತ್ತಿನ ಹತ್ತಿರ ಬಿಳಿ ನವಿರು ಬೂಷ್ಟು. ಥೂ ಎಂದುಕೊಂಡು ಸ್ಪಿರಿಟ್ಟಿನ ಸೀಸೆಗೆ ಕೈ ಹಾಕಿದೆ. ಚಿಮಟ ಕೇಳಲು ಬಂದಿದ್ದ ಬೂಷ್ಟು ಡಾಕ್ಟರು ಬಾಗಿಲಲ್ಲೇ ನಿಂತು, ಮುಟ್ಟಬೇಡಿ ಎಂದರು. ಅವರ ದನಿ ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು.

ಮಧ್ಯಾಹ್ನ ಅವರು ನನ್ನನ್ನು ಕರೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ದುಂಬಿಯ ಬಾಯಿಯ ಪಕ್ಕದಲ್ಲಿ ಒಂದು ಸೀಳು. ನಾನು ಸಾವಿರ ಸಲ ಕುಂಚ ಆಡಿಸಿದ ಜಾಗ. ಸೀಳಿನ ಒಳಗೆ ಒಂದು ಪುಟ್ಟ ಚೀಲ, ಚೀಲದ ತುಂಬ ಬೂಷ್ಟಿನ ಕಣಗಳು. ದುಂಬಿ ಇದನ್ನು ಬಿತ್ತನೆಯ ಬೀಜದ ಹಾಗೆ ಹೊತ್ತುಕೊಂಡು ಹಾರುತ್ತದೆ, ಮರ ಕೊರೆದು ಸುರಂಗದ ಗೋಡೆಗೆ ನೆಡುತ್ತದೆ, ಅಲ್ಲಿ ಬೆಳೆದ ಬೂಷ್ಟೇ ಅದರ ಮರಿಗಳಿಗೆ ಆಹಾರ ಎಂದು ಅವರು ವಿವರಿಸಿದರು. ದುಂಬಿ ಮರವನ್ನು ತಿನ್ನುವುದೇ ಇಲ್ಲವಂತೆ. ಎಷ್ಟೋ ಜಾತಿಯ ದುಂಬಿಗಳ ಬೂಷ್ಟು ನಿರುಪದ್ರವಿ. ಈ ಬೂಷ್ಟು ಹಾಗಲ್ಲ. ಅದು ನೀರಿನ ನಾಳಕ್ಕೆ ಇಳಿಯುತ್ತದೆ.

"ಬೂಷ್ಟು ನೇರವಾಗಿ ಕೊಲ್ಲಲ್ಲ. ಹೊಸ ಬೂಷ್ಟು ಒಳಗೆ ಬಂತು ಅಂತ ಗೊತ್ತಾದ ಕೂಡ್ಲೇ ಅದು ಹರಡದೇ ಇರ್ಲಿ ಅಂತ ಮರ ತನ್ನ ನಾಳಗಳನ್ನ ತಾನೇ ಮುಚ್ಚಿಕೊಳ್ತಾ ಹೋಗುತ್ತೆ. ಎಲ್ಲಾ ಮುಚ್ಚಿದ ಮೇಲೆ ಮೇಲಿನ ಎಲೆಗೆ ನೀರಿಲ್ಲ" ಎಂದರು ಡಾಕ್ಟರು.

ಬೇರು ಒದ್ದೆ ಮಣ್ಣಿನಲ್ಲಿದ್ದರೂ ಮರ ಬಾಯಾರಿ ಸಾಯುತ್ತದೆ. ಎಲೆ ಕಂದುತ್ತದೆ, ಉದುರುವುದಿಲ್ಲ. ತಮ್ಮ ನನ್ನ ಊಟದ ಮೇಜಿನ ಮುಂದೆ ನಿಂತು ಹೇಳಿದ್ದು ಅಕ್ಷರ ಅಕ್ಷರ ಇದೇ.

ಡಾಕ್ಟರು ಹಳೆಯ ಕಡತ ತರಿಸಿದರು. ಚೀಟಿಯ ಮೇಲಿನ ಗುರುತನ್ನು ತೋರಿಸಿ, ಸ್ವಚ್ಛ ಎಂದರೆ ನೀವು ಏನು ಮಾಡಿದ್ದಿರಿ ಎಂದು ಕೇಳಿದರು. ತೊಳೆದಿದ್ದೆ ಎಂದೆ. ಎಷ್ಟು ಸಲ ಎಂದರು. ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕೈ ಸೋಕದ್ದು ಎಂದು ತಾನು ಓದಿಕೊಂಡೆ ಎಂದರು. ಸ್ಪಿರಿಟ್ಟಿನಲ್ಲಿ ಅಷ್ಟು ಸಲ ನೆಂದ ಮೇಲೆ ಚೀಲದೊಳಗಿನ ಬೂಷ್ಟು ಜೀವಂತ ಉಳಿಯುವುದಿಲ್ಲ ಎಂದರು.

ವರದಿ ತಪ್ಪು ಎಂದು ಬರೆಯಬೇಕು, ಅದಕ್ಕೆ ನೀವು ತೊಳೆದ ವಿಷಯ ನಿಮ್ಮ ಕೈಬರಹದಲ್ಲೇ ಬೇಕು ಎಂದು ಅವರು ಹೇಳಿದರು. ಎರಡು ದಿನ ಕೊಡಿ ಎಂದೆ. ಇಲ್ಲಿಂದ ಮುಂದಿನದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ, ಆದರೂ ಹೇಳುತ್ತೇನೆ. ಎರಡು ದಿನ ಎಂದವಳು ಐದು ತಿಂಗಳು ಸುಮ್ಮನಿದ್ದೆ. ನನ್ನ ನಿವೃತ್ತಿಗೆ ಐದು ತಿಂಗಳಿತ್ತು. ಯಾರೂ ನನ್ನ ಕೆಲಸ ಕಿತ್ತುಕೊಳ್ಳುತ್ತಿರಲಿಲ್ಲ, ಹೆಚ್ಚೆಂದರೆ ನಾಲ್ಕು ಜನ ನಗುತ್ತಿದ್ದರು. ಲಾಂಡ್ರಿ ಸಾಕ್ಷಿಯನ್ನೇ ತೊಳೆದುಹಾಕಿದಳಂತೆ ಎನ್ನುತ್ತಿದ್ದರು. ಆ ಒಂದು ನಗೆಗೆ ಹೆದರಿ ನನ್ನ ತಮ್ಮನನ್ನು ಇನ್ನೂ ಐದು ತಿಂಗಳು ಮರಗಳ್ಳನಾಗಿಯೇ ಇಟ್ಟೆ. ಡಾಕ್ಟರು ಎರಡು ಸಲ ನೆನಪಿಸಿದರು. ಮೂರನೆಯ ಸಲ, ನಾನೇ ಬರೆದರೆ ನಿಮ್ಮ ಮೇಲೆ ದೂರು ಕೊಟ್ಟಂತಾಗುತ್ತದೆ, ನೀವಾಗಿ ಬರೆಯುವುದು ಮೇಲು ಎಂದು ಹೇಳಿ ಹೋದರು.

ಬೀಳ್ಕೊಡುಗೆಯ ದಿನ ಸಾಹೇಬರು ಭಾಷಣ ಮಾಡಿದರು. ಇವರ ಕೈ ದಾಟಿ ಹೋದ ಒಂದು ಹುಳದ ಮೇಲೂ ಒಂದು ಚೂರು ಕೊಳೆ ಇರಲಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೂಷ್ಟು ಡಾಕ್ಟರು ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ನಾನು ಹಾರ ಹಾಕಿಸಿಕೊಂಡು ನಿಂತೇ ಇದ್ದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಾರನೆಯ ಬೆಳಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟುಕೊಂಡು, ನಿಂತುಕೊಂಡೇ ಎಲ್ಲವನ್ನೂ ಬರೆದು ಸಹಿ ಹಾಕಿ ಡಾಕ್ಟರ ಕೈಗೆ ಕೊಟ್ಟೆ. ಅದರ ನಕಲು ಮಾಡಿಸಿಕೊಂಡು ಬಸ್ಸು ಹತ್ತಿದೆ.

ಕಾರ್ಖಾನೆಯ ಒಳಗೆ ಮರದ ಪುಡಿ ಮಂಜಿನ ಹಾಗೆ ನಿಂತಿತ್ತು. ತಮ್ಮ ಒಂದು ಉದ್ದನೆಯ ಮೇಜಿನ ಹಲಗೆಯ ಮೇಲೆ ಬಾಗಿ ಉಜ್ಜುವ ಯಂತ್ರ ಆಡಿಸುತ್ತಿದ್ದ. ನನ್ನನ್ನು ನೋಡಿ ಯಂತ್ರ ನಿಲ್ಲಿಸಿ, ಮೂಗಿಗೆ ಕಟ್ಟಿದ್ದ ಬಟ್ಟೆ ಇಳಿಸಿದ. ಪುಡಿ ಕೂತು ತಲೆಗೂದಲು ಬೆಳ್ಳಗಾಗಿದೆ ಎಂದುಕೊಂಡೆ. ಅವನು ಕೊಡವಿಕೊಂಡ ಮೇಲೂ ಬೆಳ್ಳಗೇ ಇತ್ತು. ಹಲಗೆಯ ಉದ್ದಕ್ಕೂ ಕಪ್ಪು ಗೆರೆಗಳಿದ್ದವು. ನಮ್ಮ ಗುಡ್ಡದ್ದೇ, ಈ ಗೆರೆ ಇದ್ದರೆ ಜನ ಇಷ್ಟಪಡ್ತಾರೆ ಎಂದು ಅವನೇ ಹೇಳಿದ.

ಎರಡು ಲೋಟ ಟೀ ತರಿಸಿದ. ನಾನು ನಿಂತೇ ಹೇಳಿದೆ. ತೊಳೆದದ್ದು, ಚೀಟಿಯ ಮಾತು, ಬಾಯಿಯ ಪಕ್ಕದ ಚೀಲ, ಕೊನೆಗೆ ಐದು ತಿಂಗಳು ಮುಚ್ಚಿಟ್ಟದ್ದು. ಏನನ್ನೂ ಬಿಡಲಿಲ್ಲ. ಕಾಗದ ಕೈಗೆ ಕೊಟ್ಟೆ. ಅವನು ಓದಿದ. ಓದಿ ಮುಗಿಸಿ ಅವನು ಮೊದಲು ಕೇಳಿದ್ದು ಆ ಚೀಲ ಎಷ್ಟು ದೊಡ್ಡದಿರುತ್ತದೆ ಎಂದು. ಕಣ್ಣಿಗೆ ಕಾಣುವಷ್ಟಿಲ್ಲ ಎಂದೆ. ಅಷ್ಟು ಚಿಕ್ಕ ಹುಳಕ್ಕೆ ಬುತ್ತಿ ಕಟ್ಟಿಕೊಂಡು ಹೋಗುವ ಬುದ್ಧಿ ಇದೆಯಲ್ಲ ಎಂದು ಅವನ ಮುಖ ಒಂದು ಕ್ಷಣ ಅರಳಿತು. ಆ ಮುಖ ನೋಡಿ ನನಗೆ ಅಳು ತಡೆಯಲಾಗಲಿಲ್ಲ.

"ಮತ್ತೆ ವಿಚಾರಣೆ ಮಾಡ್ತಾರೆ ಕಣೋ. ನಿನ್ನ ಮೇಲೆ ಏನೂ ತಪ್ಪಿಲ್ಲ ಅಂತ ಆಗುತ್ತೆ. ಎಲ್ಲಾ ನನ್ನಿಂದ ಆಗಿದ್ದು. ಹೊಟ್ಟೆಗೆ ಹಾಕ್ಕೋ" ಎಂದೆ.

ಅವನು ಕಾಗದವನ್ನು ಹಲಗೆಯ ಮೇಲಿಟ್ಟು ಅಂಗೈಯಿಂದ ಸವರಿ ನೇರ ಮಾಡಿದ. ಕೆಲಸ ಹೋದದ್ದಕ್ಕೆ ನಿನ್ನ ಮೇಲೆ ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ ಎಂದ. ಆಮೇಲೆ, ನಿನಗೆ ಒಂದು ವಿಷಯ ಗೊತ್ತಿಲ್ಲ ಎಂದು ಹೇಳತೊಡಗಿದ.

"ನನ್ನ ಜಾಗಕ್ಕೆ ಬಂದ ವಾಚರ್ ಒಳ್ಳೆಯವನು ಅಕ್ಕಾ. ವರದಿ ಬಂದ ಮುಂದಿನ ತಿಂಗಳೇ ನನ್ನ ಹುಡುಕ್ಕೊಂಡು ಬಂದಿದ್ದ. ನಾನು ಸುಟ್ಟ ಜಾಗದ ಆಚೆ, ಹಳ್ಳದ ಪಕ್ಕ ಒಂದು ಮರದಲ್ಲಿ ಪುಡಿ ಕಾಣಿಸಿತ್ತಂತೆ. ಒಂದೇ ಮರ. ಪೂರ್ತಿ ಗುಡ್ಡ ಸುತ್ತಿ ನೋಡಿದೀನಿ, ಇನ್ನೆಲ್ಲೂ ಇಲ್ಲ ಅಂದ. ನೀವು ಹೂಂ ಅಂದ್ರೆ ಇವತ್ತೇ ಕಡಿದು ಸುಡ್ತೀನಿ, ನನ್ನ ಕೆಲಸ ಹೋದ್ರೂ ಹೋಗ್ಲಿ ಅಂದ."

ಅವನು ಹಲಗೆಯ ಕಪ್ಪು ಗೆರೆಯೊಂದರ ಮೇಲೆ ಬೆರಳು ಎಳೆದ. ಟೀ ಲೋಟವನ್ನು ಮುಟ್ಟಿರಲಿಲ್ಲ.

"ನಾನೇ ಬೇಡ ಅಂದೆ. ಒಳ್ಳೇ ಮರ, ಕಡೀಬೇಡ, ಆ ಹುಳ ಏನೂ ಮಾಡಲ್ಲ ಅಂದೆ. ನನ್ನ ಅಕ್ಕನೇ ಕೂತು ನೋಡಿದಾಳೆ, ನನಗೆ ಸುಮ್ನೆ ಭ್ರಮೆಯಾಗಿತ್ತು ಅಂತ ಹೇಳಿ ಕಳಿಸಿದೆ. ಹನ್ನೊಂದು ಒಳ್ಳೇ ಮರ ಕಡಿದುಬಿಟ್ನಲ್ಲ ಅಂತ ಆಗ ನನಗೆ ನಿದ್ದೆ ಬರ್ತಿರಲಿಲ್ಲ, ಹನ್ನೆರಡನೇದು ನನ್ನ ಮಾತಿಂದ ಹೋಗೋದು ಬೇಡ ಅನ್ನಿಸಿತ್ತು." ಕಾಗದವನ್ನು ನನ್ನ ಕಡೆಗೆ ಸರಿಸಿದ. "ಈಗ ನನ್ನ ಹೆಸರಿಗೆ ತಪ್ಪಿಲ್ಲ ಅಂತ ಬರೀತಾರೆ. ಆದ್ರೆ ಆ ಗುಡ್ಡ ಒಣಗಿದ್ದು ನನ್ನ ಮಾತಿಂದಲೇ ಅಲ್ವಾ ಅಕ್ಕಾ?"

ಅಲ್ಲ ಕಣೋ, ಅದೂ ನಾನೇ, ನಿನ್ನ ಕಣ್ಣನ್ನು ನೀನೇ ನಂಬದ ಹಾಗೆ ಮಾಡಿದವಳು ನಾನೇ ಎಂದು ಹೇಳಿದೆ. ಅಷ್ಟರಲ್ಲಿ ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಯಂತ್ರ ಚಾಲೂ ಮಾಡಿದ್ದ. ಆ ಸದ್ದಿನಲ್ಲಿ ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ.